ಕಲಬುರಗಿ ಬಿಸಿಲಿಗೆ ಎಸಿ ಸಜ್ಜು ಮಾಡುವುದು: ಗ್ಯಾಸ್ ತುಂಬಿಸುವ ಮುಂಚೆ ನೋಡಬೇಕಾದ್ದು

ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಕಲಬುರಗಿಯಲ್ಲಿ ಬಿಸಿಲು ಏರತೊಡಗುತ್ತದೆ. ಏಪ್ರಿಲ್-ಮೇ ಮಧ್ಯಾಹ್ನ 42-43 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಸೀಮೆಯಿದು. ಕೂಲರ್‌ನಲ್ಲೇ ಬೇಸಿಗೆ ಕಳೆಯುತ್ತಿದ್ದ ಎಷ್ಟೋ ಮನೆಗಳಿಗೆ ಈಗ ಎಸಿ ಬಂದಿದೆ. ಎಂಟು-ಒಂಬತ್ತು ತಿಂಗಳು ಸುಮ್ಮನೆ ಬಿದ್ದಿದ್ದ ಆ ಯಂತ್ರವನ್ನು ಒಮ್ಮೆಲೇ ಚಾಲೂ ಮಾಡಿ, ಗಾಳಿ ತಣ್ಣಗೆ ಬರದಿದ್ದರೆ ಮನೆಯಲ್ಲಿ ಕೇಳಿಬರುವ ಮೊದಲ ಮಾತು, 'ಗ್ಯಾಸ್ ಖಾಲಿ ಆಗಿರಬೇಕು'. ಹೆಚ್ಚಿನ ಸಲ ಗ್ಯಾಸ್ ಇದ್ದಲ್ಲೇ ಇರುತ್ತದೆ, ಅಡ್ಡ ಬಂದಿರುವುದು ಧೂಳು. ಇದು ಯಾಕೆ ಹೀಗೆ ಎಂದು ತಿಳಿಯಲು ಎಸಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು.

ಶಾಖವನ್ನು ಎತ್ತಿ ಹೊರಗೆ ಹಾಕುವ ಯಂತ್ರ

ಎಸಿ ತಂಪನ್ನು ತಯಾರಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುತ್ತದೆ. ಬಾವಿಯಿಂದ ನೀರೆತ್ತುವ ಪಂಪ್‌ಸೆಟ್ ನೆನೆಸಿಕೊಳ್ಳಿ: ನೀರು ಆಳಕ್ಕಿಳಿದಷ್ಟೂ ಅದೇ ಒಂದು ಕೊಡಕ್ಕೆ ಹೆಚ್ಚು ಕರೆಂಟು ಬೇಕು. ಎಸಿಗೆ ಆ ಆಳವೆಂದರೆ ಒಳಗಿನ ಕಾಯಿಲ್ ಮತ್ತು ಹೊರಗಿನ ಕಾಯಿಲ್ ನಡುವಿನ ಉಷ್ಣಾಂಶದ ಅಂತರ.

ಕೋಣೆಯ ಗೋಡೆಗೆ ನೇತುಹಾಕಿದ ಇಂಡೋರ್ ಯೂನಿಟ್‌ನಲ್ಲಿ ಒಂದು ಕಾಯಿಲ್ ಇದೆ. ಅದರೊಳಗೆ ಹರಿಯುವ ಗ್ಯಾಸ್, ಅಂದರೆ ಶೈತ್ಯಕಾರಕ, ದ್ರವರೂಪದಲ್ಲಿ ಬಂದು ಕೋಣೆಯ ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡಿ ಹೊರಗಿನ ಕಾಯಿಲ್‌ಗೆ, ಅಂದರೆ ಕಂಡೆನ್ಸರ್‌ಗೆ ಕಳಿಸುತ್ತದೆ. ಅಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುವ ಗ್ಯಾಸ್, ಒಂದು ಸಣ್ಣ ಕೊಳವೆ ಅಥವಾ ವಾಲ್ವ್ ದಾಟಿ ಒತ್ತಡ ಕಳೆದುಕೊಂಡು ತಣ್ಣಗಾಗಿ ಒಳಗೆ ಮರಳುತ್ತದೆ. ಇದು ಮುಚ್ಚಿದ ವರ್ತುಲ. ಸ್ಕೂಟರ್‌ನ ಪೆಟ್ರೋಲಿನಂತೆ ಗ್ಯಾಸ್ ಖರ್ಚಾಗುವುದಿಲ್ಲ.

ಅಂಕಿಗಳಲ್ಲಿ ನೋಡಿ. ಕೋಣೆ 24 ಡಿಗ್ರಿ, ಹೊರಗೆ 43. ಅಂತರ 19 ಎನಿಸುತ್ತದೆ. ಆದರೆ ಕೋಣೆಯ ಗಾಳಿಯಿಂದ ಶಾಖ ಹೀರಲು ಒಳಗಿನ ಕಾಯಿಲ್ 10 ಡಿಗ್ರಿ ಆಸುಪಾಸು ಇರಬೇಕು. 43 ಡಿಗ್ರಿ ಗಾಳಿಗೆ ಶಾಖ ಬಿಟ್ಟುಕೊಡಲು ಹೊರಗಿನ ಕಾಯಿಲ್ ಅದಕ್ಕಿಂತ 10-15 ಡಿಗ್ರಿ ಬಿಸಿ ಇರಬೇಕು, ಹತ್ತಿರ ಹತ್ತಿರ 55. ಕಂಪ್ರೆಸರ್ ನಿಜವಾಗಿ ಎತ್ತುತ್ತಿರುವುದು 45 ಡಿಗ್ರಿ ಆಳದಿಂದ. ಹೊರಗಿನ ಕಾಯಿಲ್‌ಗೆ ಧೂಳು ಮೆತ್ತಿದರೆ ಅದು 60 ದಾಟುತ್ತದೆ. ಒಳಗಿನ ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಕಾಯಿಲ್ ಸೊನ್ನೆಯತ್ತ ಇಳಿಯುತ್ತದೆ. ಎರಡೂ ಕಡೆ ಬಾವಿ ಆಳವಾಯಿತು. ತಂಪು ಕಡಿಮೆ, ಬಿಲ್ ಹೆಚ್ಚು. ಮುಂದೆ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಈ ಆಳ ತಗ್ಗಿಸುವುದಕ್ಕೇ.

ಇನ್ನೊಂದು ಲೆಕ್ಕವೂ ತಿಳಿದಿರಲಿ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖ ಎತ್ತುವ ಶಕ್ತಿ. ಆದರೆ ಈ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. ನಮ್ಮ ಮೇ ಮಧ್ಯಾಹ್ನದಲ್ಲಿ ಅದೇ ಯಂತ್ರದ ಶಕ್ತಿ ಶೇ 10ರ ಆಸುಪಾಸು ಕುಗ್ಗುತ್ತದೆ, ಎಳೆಯುವ ಕರೆಂಟು ಮಾತ್ರ ಹೆಚ್ಚುತ್ತದೆ. ಎತ್ತರದ ಪ್ರಸ್ಥಭೂಮಿಯ ಮೇಲಿರುವ ಬೀದರ್‌ನವರಿಗೆ ಇದರ ಬಿಸಿ ಸ್ವಲ್ಪ ಕಡಿಮೆ, ಕಲಬುರಗಿ-ಯಾದಗಿರಿಯವರಿಗೆ ಪೂರ್ತಿ. ಅಂಗಡಿಯಲ್ಲಿ '120 ಚದರಡಿಗೆ ಒಂದು ಟನ್ ಸಾಕು' ಎಂದರೆ, ಮೇಲೆ ಇನ್ನೊಂದು ಮನೆಯಿದ್ದು ನೆರಳಾಗಿರುವ ಕೋಣೆಗೆ ಅದು ಸರಿ. ಮೇಲೆ ಬರೀ ಮಾಳಿಗೆ, ಅಂದರೆ ಬಿಸಿಲಿಗೆ ತೆರೆದ ಚಾವಣಿ ಇದ್ದರೆ ಅದೇ ಕೋಣೆಗೆ ಒಂದೂವರೆ ಟನ್ ಬೇಕಾಗುತ್ತದೆ.

ಮೊದಲು ಔಟ್‌ಡೋರ್ ಯೂನಿಟ್

ಬಹುತೇಕ ಮನೆಗಳಲ್ಲಿ ಫಿಲ್ಟರ್ ತೊಳೆದರೆ ಸರ್ವಿಸ್ ಮುಗಿಯಿತು ಎಂದುಕೊಳ್ಳುತ್ತಾರೆ. ಈ ಭಾಗದಲ್ಲಿ ಹೆಚ್ಚು ಏಟು ತಿನ್ನುವುದು ಹೊರಗಿನ ಯೂನಿಟ್. ತೊಗರಿ ರಾಶಿಯ ಕಾಲದ ಹೊಟ್ಟು, ಎರೆಮಣ್ಣಿನ ನುಣುಪು ಧೂಳು, ವಾಡಿ-ಶಹಾಬಾದ್-ಸೇಡಂ-ಮಳಖೇಡ ಸುತ್ತ ಸಿಮೆಂಟು ಮತ್ತು ಸುಣ್ಣಕಲ್ಲಿನ ಪುಡಿ, ಬೀದರ್ ಕಡೆ ಕೆಂಪು ಜಂಬಿಟ್ಟಿಗೆ ಮಣ್ಣು, ಎಲ್ಲವೂ ಹೋಗಿ ಕೂರುವುದು ಕಂಡೆನ್ಸರ್‌ನ ತೆಳು ಅಲ್ಯೂಮಿನಿಯಂ ಎಸಳುಗಳ ಸಂದಿಯಲ್ಲಿ.

ಮಳೆಗಾಲದಲ್ಲಿ ಗೋಣಿಚೀಲ, ಪ್ಲಾಸ್ಟಿಕ್ ಹೊದಿಸಿದ್ದರೆ ತೆಗೆಯಿರಿ. ಹೊದಿಕೆಯೊಳಗೆ ತೇವ ಉಳಿದು ತಗಡು ತುಕ್ಕು ಹಿಡಿದಿರುತ್ತದೆ. ಇಲಿ ಸೇರಿ ವೈರ್ ಕಡಿದಿರುವುದೂ ಉಂಟು. ಪಾರಿವಾಳದ ಗೂಡು, ಕಣಜದ ಹುಟ್ಟು ಇದೆಯೇ ನೋಡಿ. ಬಳಿಕ ಎಂಸಿಬಿ ಇಳಿಸಿ, ಪ್ಲಗ್ ತೆಗೆದು ಹತ್ತು ನಿಮಿಷ ಬಿಡಿ. ಒಳಗಿನ ಕೆಪಾಸಿಟರ್ ಕರೆಂಟು ಹೋದ ಮೇಲೂ ಸ್ವಲ್ಪ ಹೊತ್ತು ಶಾಕ್ ಕೊಡಬಲ್ಲದು.

ತೊಳೆಯುವ ಕ್ರಮ ಮುಖ್ಯ. ಮೊದಲು ಒಣ ಗಾಳಿಯಿಂದ, ಬ್ಲೋವರ್ ಇಲ್ಲದಿದ್ದರೆ ಮೆತ್ತನೆಯ ಬ್ರಷ್‌ನಿಂದ, ಸಡಿಲ ಧೂಳು ಉದುರಿಸಬೇಕು. ಸಿಮೆಂಟು ಧೂಳಿರುವ ಕಡೆ ನೇರವಾಗಿ ನೀರು ಬಿಟ್ಟರೆ ಅದು ಸಂದಿಯಲ್ಲೇ ಗಾರೆಯಾಗಿ ಕೂತುಬಿಡುತ್ತದೆ. ಆಮೇಲೆ ನೀರು. ಹೊರಗಿನಿಂದ ಒಳಕ್ಕೆ ಹೊಡೆದರೆ ಕೊಳೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಮೇಲಿನ ಮುಚ್ಚಳ ತೆಗೆದು, ಒಳಗಿನಿಂದ ಹೊರಕ್ಕೆ, ಸಾಧಾರಣ ಒತ್ತಡದಲ್ಲಿ, ಮೇಲಿನಿಂದ ಕೆಳಕ್ಕೆ ಬಿಡಬೇಕು. ವಿದ್ಯುತ್ ಡಬ್ಬಿಯನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿರಬೇಕು. ಮುಚ್ಚಳ ಬಿಚ್ಚುವ ಈ ಭಾಗ ಮೆಕ್ಯಾನಿಕ್‌ಗೆ ಬಿಟ್ಟಿದ್ದು. ಆದರೆ ಅವರು ಹೊರಗಿನಿಂದಲೇ ಪೈಪ್ ಹಿಡಿದು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದರೆ ಕೇಳುವ ಹಕ್ಕು ನಿಮ್ಮದು. ಕಾರು ತೊಳೆಯುವ ಜೆಟ್ ತೀರಾ ಹತ್ತಿರ ಹಿಡಿದರೆ ಎಸಳುಗಳು ಮಡಿಚಿಕೊಂಡು ಗಾಳಿಯ ದಾರಿ ಕಾಯಂ ಮುಚ್ಚುತ್ತದೆ. ಮಡಿಚಿದ್ದನ್ನು ನೇರ ಮಾಡಲು ಬಾಚಣಿಗೆಯಂಥ ಸಲಕರಣೆ ಸಿಗುತ್ತದೆ.

ಯೂನಿಟ್ ಹಿಂದೆ ಗೋಡೆಯಿಂದ ಕನಿಷ್ಠ 10-15 ಸೆಂಟಿಮೀಟರ್, ಮುಂದೆ ಎರಡು-ಮೂರು ಅಡಿ ಖಾಲಿ ಇರಬೇಕು. ಮುಂದೆಯೇ ಗೋಡೆ ಅಥವಾ ಟ್ಯಾಂಕ್ ಇದ್ದರೆ ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆಗ ಊರಿನಲ್ಲಿ 43 ಡಿಗ್ರಿ ಇದ್ದರೂ ನಿಮ್ಮ ಎಸಿಗೆ 48. ನೆರಳು ಒಳ್ಳೆಯದೇ, ಆದರೆ ಹಸಿರು ಬಲೆಯನ್ನು ಯೂನಿಟ್‌ಗೆ ಸುತ್ತಿದರೆ ನೆರಳಿನ ಲಾಭಕ್ಕಿಂತ ಗಾಳಿ ತಡೆಯುವ ನಷ್ಟವೇ ದೊಡ್ಡದು. ಎರಡಡಿ ಮೇಲೆ ಚಪ್ಪರದ ಹಾಗೆ ಕಟ್ಟಿ. ಮಧ್ಯಾಹ್ನ ಯೂನಿಟ್ ಮೇಲೆ ನೀರು ಚಿಮುಕಿಸುವ ಉಪಾಯ ಕೆಲವರು ಮಾಡುತ್ತಾರೆ. ಅರ್ಧ ಗಂಟೆ ತಂಪು ಸಿಗುವುದು ನಿಜ. ಆದರೆ ಬೋರ್‌ವೆಲ್ ನೀರಿನ ಸುಣ್ಣ ಕಾಯಿಲ್ ಮೇಲೆ ಬಿಳಿ ಪದರವಾಗಿ ಕೂತು, ಒಂದೆರಡು ಬೇಸಿಗೆಯಲ್ಲಿ ಧೂಳಿಗಿಂತ ಕೆಟ್ಟದಾಗುತ್ತದೆ.

ತಾಮ್ರದ ಎರಡು ಕೊಳವೆಗಳ ಮೇಲಿನ ಕಪ್ಪು ಫೋಮ್ ಬಿಸಿಲಿಗೆ ಒಡೆದು ಉದುರಿದ್ದರೆ ಹೊಸದು ಸುತ್ತಿಸಿ. ಖರ್ಚು ಅಲ್ಪ. ಮಾಳಿಗೆ ಮೇಲೆ ಹಾದು ಬರುವ ಬರಿ ಕೊಳವೆ ದಾರಿಯುದ್ದಕ್ಕೂ ಬಿಸಿಲು ಹೀರುತ್ತದೆ.

ಒಳಗಿನ ಯೂನಿಟ್

ಮುಂದಿನ ಮುಚ್ಚಳ ಎತ್ತಿದರೆ ಎರಡು ಜಾಲರಿ ಫಿಲ್ಟರ್ ಕಾಣುತ್ತವೆ. ಹೊರತೆಗೆದು, ಧೂಳು ಕೂತ ಬದಿಯ ಹಿಂಭಾಗದಿಂದ ನಲ್ಲಿ ನೀರು ಬಿಟ್ಟು ತೊಳೆಯಿರಿ. ಬಿಸಿನೀರು ಬೇಡ. ಕಲಬುರಗಿ ಬಿಸಿಲಲ್ಲಿ ಒಣಗಿಸಿದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ ಮತ್ತೆ ಕೂರುವುದಿಲ್ಲ, ನೆರಳಲ್ಲೇ ಆರಲಿ. ಬೇಸಿಗೆಯಲ್ಲಿ ಹತ್ತು-ಹದಿನೈದು ದಿನಕ್ಕೊಮ್ಮೆ ಇದು ಬೇಕೇ ಬೇಕು. ಜಾಲರಿಯ ಜೊತೆ ಕಾರ್ಬನ್ ಅಥವಾ ಸೂಕ್ಷ್ಮ ಧೂಳಿನ ಸಣ್ಣ ಫಿಲ್ಟರ್ ಇದ್ದರೆ ಅದನ್ನು ತೊಳೆಯಬಹುದೇ ಎಂದು ಕೈಪಿಡಿ ನೋಡಿ. ಹಲವು ತೊಳೆಯುವಂಥವಲ್ಲ, ಬದಲಿಸುವಂಥವು.

ಹೆಚ್ಚು ಮರೆತುಹೋಗುವ ಭಾಗ ಬ್ಲೋವರ್, ಗಾಳಿ ಹೊರಬರುವ ಸೀಳಿನೊಳಗೆ ಕಾಣುವ ಉದ್ದನೆಯ ಉರುಳೆ. ಟಾರ್ಚ್ ಹಾಕಿ ನೋಡಿ. ಅದರ ಬಾಗಿದ ರೆಕ್ಕೆಗಳಲ್ಲಿ ಧೂಳು ತುಂಬಿ ಸಪಾಟಾಗಿದ್ದರೆ, ಫ್ಯಾನ್ ಎಷ್ಟೇ ವೇಗವಾಗಿ ತಿರುಗಿದರೂ ಗಾಳಿ ಬರದು. 'ಸದ್ದು ಇದೆ, ಗಾಳಿ ಇಲ್ಲ' ಎಂಬ ದೂರಿಗೆ ಮುಖ್ಯ ಕಾರಣ ಇದೇ. ಯೂನಿಟ್ ಸುತ್ತ ನೀರು ಹಿಡಿಯುವ ಚೀಲ ಕಟ್ಟಿ ಜೆಟ್‌ನಿಂದ ತೊಳೆಸಬೇಕು. ವರ್ಷಕ್ಕೆ ಒಮ್ಮೆ ಸಾಕು.

ತೊಳೆದಾದ ಮೇಲೆ ಒಂದು ಲೀಟರ್ ನೀರನ್ನು ನಿಧಾನಕ್ಕೆ ಕಾಯಿಲ್ ಕೆಳಗಿನ ತಟ್ಟೆಗೆ ಸುರಿದು, ಅಷ್ಟೂ ಹೊರಗಿನ ಪೈಪ್‌ನಿಂದ ಬರುತ್ತದೆಯೇ ನೋಡಿ. ಒಳಗೇ ನಿಂತರೆ ಪೈಪ್‌ನಲ್ಲಿ ಲೋಳೆ ಕಟ್ಟಿದೆ. ಪೈಪ್‌ನ ತುದಿ ಬಕೆಟ್ ನೀರಿನಲ್ಲಿ ಮುಳುಗಿದ್ದರೂ ನೀರು ಸರಿಯಾಗಿ ಇಳಿಯುವುದಿಲ್ಲ.

ನೀರು ತೊಟ್ಟಿಕ್ಕದಿದ್ದರೆ ಗಾಬರಿ ಬೇಡ

ಹೊರಗಿನ ಪೈಪ್‌ನಿಂದ ನೀರು ಬೀಳುತ್ತಿಲ್ಲ, ಆದ್ದರಿಂದ ಎಸಿ ಕೆಲಸ ಮಾಡುತ್ತಿಲ್ಲ ಎಂಬ ನಂಬಿಕೆ ಇದೆ. ಕರಾವಳಿಯಲ್ಲಿ ಅದು ಒಪ್ಪುವ ಮಾತು. ಇಲ್ಲಿ ಏಪ್ರಿಲ್ ಮಧ್ಯಾಹ್ನದ ಗಾಳಿಯಲ್ಲಿ ತೇವಾಂಶ ಶೇ 20ರ ಆಸುಪಾಸಿಗೆ ಇಳಿದಿರುತ್ತದೆ. 10 ಡಿಗ್ರಿಯ ಕಾಯಿಲ್‌ಗೆ ತಾಗಿದರೂ ಹನಿಯಾಗುವ ನೀರು ಅಲ್ಪವೇ. ಅದೇ ಯಂತ್ರ ಜುಲೈನಲ್ಲಿ ಗಂಟೆಗೆ ಒಂದು ಲೀಟರ್ ಆಸುಪಾಸು ನೀರು ಕೊಡಬಹುದು.

ಇದೇ ಕಾರಣಕ್ಕೆ ರಿಮೋಟ್‌ನ ಡ್ರೈ ಮೋಡ್ ನಮ್ಮ ಬೇಸಿಗೆಗೆ ಉಪಯೋಗಕ್ಕಿಲ್ಲ. ಅದು ಗಾಳಿಯ ತೇವ ತೆಗೆಯುವುದಕ್ಕಾಗಿ ಇರುವುದು. ತೇವವೇ ಇಲ್ಲದಾಗ ಕೋಣೆ ಬಿಸಿಯಾಗಿಯೇ ಉಳಿಯುತ್ತದೆ. ಕೂಲ್ ಮೋಡ್ ಇರಲಿ.

ಗ್ಯಾಸ್: ಯಾವಾಗ ಸಂಶಯಪಡಬೇಕು

ಫಿಲ್ಟರ್, ಬ್ಲೋವರ್, ಹೊರಗಿನ ಕಾಯಿಲ್ ಮೂರೂ ಸ್ವಚ್ಛವಾದ ಮೇಲೆ ಈ ಪರೀಕ್ಷೆ ಮಾಡಿ. ಬಾಗಿಲು ಮುಚ್ಚಿ, ಫ್ಯಾನ್ ಹೈ, ಉಷ್ಣಾಂಶ 16-18ಕ್ಕೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿ. ಇಷ್ಟು ಕಡಿಮೆ ಇಡುವುದು ಪರೀಕ್ಷೆಗೆ ಮಾತ್ರ, ಇನ್ವರ್ಟರ್ ಯಂತ್ರ, ಅಂದರೆ ಕಂಪ್ರೆಸರ್ ವೇಗವನ್ನು ತಾನೇ ಏರಿಳಿಸಿಕೊಳ್ಳುವ ಎಸಿ, ನಡುವೆ ವೇಗ ತಗ್ಗಿಸದಿರಲಿ ಎಂದು. ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಅನ್ನು (ಜ್ವರ ನೋಡುವುದಲ್ಲ, ಗಾಳಿಯ ಉಷ್ಣಾಂಶ ತೋರಿಸುವುದು) ಮೊದಲು ಯೂನಿಟ್ ಮೇಲ್ಭಾಗದಲ್ಲಿ, ಗಾಳಿ ಒಳಹೋಗುವ ಕಡೆ ಹಿಡಿಯಿರಿ. ಬಳಿಕ ಗಾಳಿ ಹೊರಬರುವ ಸೀಳಿನಲ್ಲಿ. ವ್ಯತ್ಯಾಸ 8ರಿಂದ 12 ಡಿಗ್ರಿ ಇದ್ದರೆ ಯಂತ್ರ ಸರಿಯಿದೆ. ನಮ್ಮ ಒಣಹವೆಯಲ್ಲಿ 13-14 ಬಂದರೂ ಆಶ್ಚರ್ಯವಿಲ್ಲ. 5-6ಕ್ಕೆ ನಿಂತರೆ ಮೆಕ್ಯಾನಿಕ್ ಕರೆಯಿರಿ.

ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಹೊರಗಿನ ಯೂನಿಟ್‌ನ ಹಿತ್ತಾಳೆ ನಟ್‌ಗಳ ಸುತ್ತ ಎಣ್ಣೆಯ ಜಿಡ್ಡಿದ್ದರೆ ಅಲ್ಲೇ ಮೊದಲ ಸಂಶಯ. ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ತೆಳು ಕೊಳವೆಯ ಮೇಲೆ ಅಥವಾ ಕಾಯಿಲ್‌ನ ಒಂದು ಭಾಗದಲ್ಲಿ ಮಾತ್ರ ಹಿಮ ಕಟ್ಟುವುದೂ ಲಕ್ಷಣವೇ. ಆದರೆ ಫಿಲ್ಟರ್ ಕಟ್ಟಿಕೊಂಡಿದ್ದರೂ ಕಾಯಿಲ್ ಹಿಮಗಟ್ಟುತ್ತದೆ ಎಂಬುದನ್ನು ಮರೆಯಬಾರದು. ಹಿಮ ನೋಡಿದ ಕೂಡಲೇ ಗ್ಯಾಸ್ ಹಾಕಿಸಿದರೆ, ಇರುವ ಗ್ಯಾಸ್‌ನ ಮೇಲೆ ಇನ್ನಷ್ಟು ಸೇರಿ ಒತ್ತಡ ಏರಿ, ಕಂಪ್ರೆಸರ್ ಹೆಚ್ಚು ಕರೆಂಟು ಎಳೆದು ಬಿಸಿಯಾಗಿ ನಿಲ್ಲುತ್ತದೆ.

ಸರಿಯಾದ ಕ್ರಮ ಇಷ್ಟು: ಸೋರಿಕೆ ಹುಡುಕಿ ಮುಚ್ಚುವುದು, ನೈಟ್ರೋಜನ್ ಒತ್ತಡ ತುಂಬಿ ಇಳಿಯುತ್ತದೆಯೇ ನೋಡುವುದು, ವ್ಯಾಕ್ಯೂಮ್ ಪಂಪ್‌ನಿಂದ ಇಪ್ಪತ್ತು-ಮೂವತ್ತು ನಿಮಿಷ ಒಳಗಿನ ಗಾಳಿ ಮತ್ತು ತೇವ ತೆಗೆಯುವುದು, ಕೊನೆಗೆ ಯೂನಿಟ್ ಮೇಲೆ ಅಚ್ಚಾದ ತೂಕದಷ್ಟೇ ಗ್ಯಾಸನ್ನು ತಕ್ಕಡಿ ಇಟ್ಟು ತುಂಬುವುದು. ಒಂದೂವರೆ ಟನ್ ಯಂತ್ರಕ್ಕೆ ಅದು ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು. ಗೇಜ್ ಮುಳ್ಳು ನೋಡಿ ಅಂದಾಜಿಗೆ ತುಂಬುವುದು ಹಳೆಯ ಆರ್-22 ಎಂಬ ಗ್ಯಾಸ್‌ನ ಯಂತ್ರಗಳ ಕಾಲದ ರೂಢಿ. ಅವುಗಳಲ್ಲಿ ಹೀರುವ ಕಡೆಯ ಒತ್ತಡ 60-70 ಪಿಎಸ್‌ಐ ಇರುತ್ತಿತ್ತು. ಈಗಿನ ಆರ್-32ರಲ್ಲಿ ಅದರ ಎರಡರಷ್ಟು. ಇನ್ವರ್ಟರ್‌ನಲ್ಲಿ ಕಂಪ್ರೆಸರ್ ವೇಗದೊಂದಿಗೆ ಒತ್ತಡವೂ ಬದಲಾಗುವುದರಿಂದ ಮುಳ್ಳೊಂದನ್ನೇ ನಂಬಲಾಗದು. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್ ಕೂಡ. ಅದರ ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಕರೆಂಟು, ವೋಲ್ಟೇಜು ಮತ್ತು ಒಣಗಿದ ಅರ್ಥಿಂಗ್

ಒಂದೂವರೆ ಟನ್ ಎಸಿಗೆ ಮೀಟರ್ ಬೋರ್ಡಿನಿಂದ ಬೇರೆಯದೇ ಲೈನ್ ಬೇಕು: 4 ಚದರ ಮಿಲಿಮೀಟರ್ ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ. ಪ್ಲಗ್ ತೆಗೆದು ಪಿನ್‌ಗಳನ್ನು ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ ಸಡಿಲವಾಗಿದೆ, ಬದಲಿಸಿ. ಸಂಜೆ ಎಲ್ಲರ ಮನೆಯ ಎಸಿ ಒಟ್ಟಿಗೆ ಶುರುವಾದಾಗ ವೋಲ್ಟೇಜು ಇಳಿಯುವ ಬಡಾವಣೆಗಳಲ್ಲಿ ಹಳೆಯ ಮಾದರಿಯ ಯಂತ್ರಗಳಿಗೆ 4 ಕೆವಿಎ ಸ್ಟೆಬಿಲೈಜರ್ ಬೇಕೇ ಬೇಕು. ಇನ್ವರ್ಟರ್ ಎಸಿ ಎಷ್ಟು ವೋಲ್ಟೇಜಿನವರೆಗೆ ತಡೆದುಕೊಳ್ಳುತ್ತದೆ ಎಂಬುದು ಅದರ ಕೈಪಿಡಿಯಲ್ಲಿದೆ. ಅದರ ಮಿತಿಯೊಳಗಿದ್ದರೆ ಬೇರೆ ಸ್ಟೆಬಿಲೈಜರ್ ಕಡ್ಡಾಯವಲ್ಲ.

ಅರ್ಥಿಂಗ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಪೈಪ್‌ನಿಂದಲೇ ದೂರ ಸರಿಯುತ್ತದೆ. ಒಣ ಮಣ್ಣಿನಲ್ಲಿ ಕರೆಂಟು ಸರಿಯಾಗಿ ಹರಿಯದು. ಎಲ್ಲಾದರೂ ಸೋರಿದರೆ ಅದು ಭೂಮಿಗೆ ಹೋಗುವ ಬದಲು ಎಸಿಯ ತಗಡಿನಲ್ಲೇ ಕಾದು ಕೂರುತ್ತದೆ. ಮಾರ್ಚ್‌ನಿಂದ ಮಳೆ ಬರುವವರೆಗೆ ವಾರಕ್ಕೊಮ್ಮೆ ಅರ್ಥ್ ಗುಂಡಿಗೆ ಎರಡು ಬಕೆಟ್ ನೀರು ಸುರಿಯಿರಿ. ಏಪ್ರಿಲ್-ಮೇ ಸಂಜೆಯ ಗುಡುಗು-ಗಾಳಿ ಬಂದಾಗ ಪ್ಲಗ್ ತೆಗೆದಿಡುವುದೂ ರೂಢಿಯಾಗಲಿ. ಇನ್ವರ್ಟರ್‌ನ ಸರ್ಕ್ಯೂಟ್ ಬೋರ್ಡ್ ಒಮ್ಮೆ ಸುಟ್ಟರೆ ರಿಪೇರಿ ಸಾವಿರಗಳ ಮಾತು.

ಕೋಣೆಗೆ ನುಗ್ಗುವ ಶಾಖ

ಮಾಳಿಗೆಯ ಸ್ಲ್ಯಾಬ್ ಮಧ್ಯಾಹ್ನ ಕುಡಿದ ಬಿಸಿಲು ನಾಲ್ಕೈದು ಗಂಟೆ ತಡವಾಗಿ ಒಳಗೆ ಇಳಿಯುತ್ತದೆ. ರಾತ್ರಿ ಹತ್ತಕ್ಕೂ ಚಾವಣಿ ಬೆಚ್ಚಗಿರುವುದು ಅದಕ್ಕೇ. ಹಾಸುಗಲ್ಲಿನ ಮಾಳಿಗೆಯೂ ಇದಕ್ಕೆ ಹೊರತಲ್ಲ. ಎಸಿ ಕೋಣೆಯ ಮೇಲಿನ ಭಾಗಕ್ಕಾದರೂ ಮಾರ್ಚ್‌ನಲ್ಲೇ ಸುಣ್ಣ ಅಥವಾ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಸಿದರೆ ಸ್ಲ್ಯಾಬ್ ಅಷ್ಟು ಕಾಯುವುದಿಲ್ಲ. ಪಶ್ಚಿಮದ ಕಿಟಕಿಗೆ ಪರದೆ ಒಳಗಿಗಿಂತ ಹೊರಗೆ ಕಟ್ಟಿದರೆ ಹೆಚ್ಚು ಫಲ: ಗಾಜು ದಾಟಿ ಒಳಬಂದ ಬಿಸಿಲು ಆಗಲೇ ಕೋಣೆಯ ಶಾಖವಾಗಿಬಿಟ್ಟಿರುತ್ತದೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ.

ಕೂಲರ್ ಮತ್ತು ಎಸಿ ಒಂದೇ ಕೋಣೆಯಲ್ಲಿ ಒಟ್ಟಿಗೆ ಓಡಿಸಬಾರದು. ಕಿಟಕಿಯಲ್ಲಿಟ್ಟ ಕೂಲರ್ ಹೊರಗಿನ ಗಾಳಿಯನ್ನು ಎಡೆಬಿಡದೆ ಒಳತಳ್ಳುತ್ತದೆ, ಜೊತೆಗೆ ತೇವವನ್ನೂ. ಆ ತೇವವನ್ನು ಮತ್ತೆ ನೀರಾಗಿಸುವುದರಲ್ಲೇ ಎಸಿಯ ಶಕ್ತಿ ಸವೆಯುತ್ತದೆ. ಆದರೆ ಬೇರೆ ಬೇರೆ ಹೊತ್ತಿಗೆ ಬಳಸಿದರೆ ಇದು ಒಳ್ಳೆಯ ಜೋಡಿ. ಗಾಳಿ ಒಣಗಿರುವ ಏಪ್ರಿಲ್ ಹಗಲಿನಲ್ಲಿ ಕೂಲರ್ ಅದ್ಭುತವಾಗಿ ಕೆಲಸ ಮಾಡುತ್ತದೆ, ಕರೆಂಟೂ ಕಡಿಮೆ.

ರಿಮೋಟ್‌ನಲ್ಲಿ ಎಷ್ಟಿಡಬೇಕು

ಭಾರತದಲ್ಲಿ 2020ರ ಜನವರಿಯಿಂದ ಸ್ಟಾರ್ ಲೇಬಲ್ಲಿನ ಮನೆ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗುವಂತೆ ಬರುತ್ತಿವೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುವುದು ಇಂಧನ ದಕ್ಷತೆಯ ಕೇಂದ್ರ ಸಂಸ್ಥೆ ಬಿಇಇಯ ಲೆಕ್ಕ. ಒಣಹವೆಯಲ್ಲಿ 26ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ಸಣ್ಣಗೆ ತಿರುಗಿಸಿದರೆ ಹೆಚ್ಚಿನವರಿಗೆ ಹಾಯಾಗುತ್ತದೆ. ಫ್ಯಾನ್ ತಿನ್ನುವ ಕರೆಂಟು ಎಸಿಯದಕ್ಕೆ ಹೋಲಿಸಿದರೆ ಲೆಕ್ಕಕ್ಕಿಲ್ಲ. 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದು ಹಳೆಯ ಮಾದರಿಯಲ್ಲಿ ಸುಳ್ಳು, ಅದರ ಕಂಪ್ರೆಸರ್‌ಗೆ ಇರುವುದು ಒಂದೇ ವೇಗ. ಇನ್ವರ್ಟರ್‌ನಲ್ಲಿ ಮೊದಲ ಕೆಲವು ನಿಮಿಷ ವ್ಯತ್ಯಾಸವಾಗಬಹುದು, ಆಮೇಲೆ ಅದು ಎಂದೂ ಮುಟ್ಟದ ಗುರಿಗೆ ಪೂರ್ಣ ವೇಗದಲ್ಲಿ ಓಡುತ್ತಲೇ ಇರುತ್ತದೆ.

ಹಗಲೆಲ್ಲ ಮುಚ್ಚಿದ್ದ ಮೇಲ್ಮಹಡಿಯ ಕೋಣೆ ರಾತ್ರಿ ಒಂಬತ್ತಕ್ಕೆ ಹೊರಗಿಗಿಂತ ಬಿಸಿ ಇರುತ್ತದೆ. ಹತ್ತು ನಿಮಿಷ ಕಿಟಕಿ ತೆರೆದು ಫ್ಯಾನ್ ಹಾಕಿ ಆ ಧಗೆ ಹೊರದಬ್ಬಿ, ಆಮೇಲೆ ಎಸಿ ಹಾಕಿ.

200 ಯೂನಿಟ್‌ನ ಗೆರೆ

ಗೃಹಜ್ಯೋತಿ ಫಲಾನುಭವಿಗಳಿಗೆ ಈ ಲೆಕ್ಕ ಮುಖ್ಯ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಒಂದೂವರೆ ಟನ್ ಇನ್ವರ್ಟರ್ ಎಸಿ ರಾತ್ರಿ ಹೊತ್ತು ಗಂಟೆಗೆ ಸರಾಸರಿ 0.7 ಯೂನಿಟ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ 5.6, ತಿಂಗಳಿಗೆ 168 ಯೂನಿಟ್. ಫ್ರಿಜ್, ಫ್ಯಾನ್, ಮೋಟಾರ್ ಸೇರಿದರೆ ಗೆರೆ ದಾಟುವುದು ಬಹುತೇಕ ಖಚಿತ. ಐದು ಗಂಟೆಗೆ ಟೈಮರ್ ಇಟ್ಟರೆ 105 ಯೂನಿಟ್. ಉಳಿದ 95ರಲ್ಲಿ ಮನೆ ನಡೆಸಬಹುದೇ ಎಂಬುದು ಆಯಾ ಮನೆಯ ಲೆಕ್ಕ. ಇನ್ವರ್ಟರ್ ಇಲ್ಲದ ಹಳೆಯ ಯಂತ್ರದಲ್ಲಿ ಕಂಪ್ರೆಸರ್ ಓಡುವಷ್ಟು ಹೊತ್ತೂ ಗಂಟೆಗೆ 1.6-1.8 ಯೂನಿಟ್ ದರದಲ್ಲಿ ಹೋಗುತ್ತದೆ.

ಸ್ಟಾರ್ ಲೇಬಲ್ ಮೇಲಿನ ವಾರ್ಷಿಕ ಯೂನಿಟ್ ಅಂಕಿ 1,600 ಗಂಟೆ ಬಳಕೆಗೆ ಕಟ್ಟಿದ್ದು, ಅದೂ ದೇಶದ ಸರಾಸರಿ ಹವೆಗೆ. ಅದನ್ನು 1,600ರಿಂದ ಭಾಗಿಸಿದರೆ ಗಂಟೆಯ ಅಂದಾಜು ಸಿಗುತ್ತದೆ. ನಮ್ಮ ಬಿಸಿಲಿಗೆ ಅದಕ್ಕಿಂತ ಹೆಚ್ಚೇ ಹಿಡಿಯಬೇಕು. ನಿಮ್ಮ ಮನೆಯ ನಿಜವಾದ ಅಂಕಿ ಬೇಕಿದ್ದರೆ ಮಲಗುವಾಗ ಮೀಟರ್ ನೋಡಿ ಬರೆದಿಟ್ಟು, ಬೆಳಿಗ್ಗೆ ಎದ್ದಾಗ ಮತ್ತೆ ನೋಡಿ. ಸರ್ವಿಸ್‌ಗೆ ಮುಂಚೆ ಒಂದು ರಾತ್ರಿ, ನಂತರ ಒಂದು ರಾತ್ರಿ, ಅಷ್ಟೇ ಗಂಟೆ, ಅದೇ 26 ಡಿಗ್ರಿ. ಹೊರಗಿನ ಸೆಕೆ ಎರಡೂ ದಿನ ಹೆಚ್ಚುಕಡಿಮೆ ಒಂದೇ ಇದ್ದು, ಯೂನಿಟ್ ಕಡಿಮೆಯಾಗದಿದ್ದರೆ ಮೆಕ್ಯಾನಿಕ್‌ಗೆ ಮತ್ತೆ ಫೋನ್ ಮಾಡಿ, ಔಟ್‌ಡೋರ್ ಮುಚ್ಚಳ ಬಿಚ್ಚಿದ್ದರೇ ಎಂದು ಕೇಳಿ.